‘ಓ’ ಒತ್ತಿದರೆ ಓದುತ್ತಿತ್ತು

ಅಕ್ಕೋರ ಕಂಪ್ಯೂಟರ್ ಪರದೆಯ ಎಡಮೂಲೆಯಲ್ಲಿ ಯಾವಾಗಲೂ ತೆಂಗಿನೆಣ್ಣೆಯ ಜಿಡ್ಡು. ಗ್ಲಾಕೋಮಾ ಅವರ ಬಲಗಣ್ಣನ್ನು ಪೂರ್ತಿ ನುಂಗಿ, ಎಡಗಣ್ಣಿನ ಅಂಚಿನಲ್ಲಿ ಚೂರು ಬೆಳಕು ಬಿಟ್ಟಿತ್ತು. ಅಷ್ಟರಲ್ಲೇ ನೋಡಬೇಕೆಂದು ತಲೆ ಓರೆ ಮಾಡಿ, ಹಣೆಯನ್ನು ಗಾಜಿಗೆ ತಾಗಿಸಿ ಕೂರುತ್ತಿದ್ದರು.

ಕುಮಟಾದಲ್ಲಿ ಟೈಪಿಂಗ್, ಕಂಪ್ಯೂಟರ್ ಕ್ಲಾಸ್ ನಡೆಸಿದ ಟೀಚರ್; ಕಲಿತವರಿಗೆಲ್ಲ ಅಕ್ಕೋರು. ನಾನು ಹೊನ್ನಾವರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಅನ್ನ ತಿನ್ನುತ್ತಿರುವುದು ಅವರು ಕಲಿಸಿದ ವಿದ್ಯೆಯಿಂದ. ಕಣ್ಣು ಹೋದ ಮೇಲೆ ಹೊಳನಗದ್ದೆಯ ತಂಗಿಯ ಮನೆಯಲ್ಲಿದ್ದರು. ಪೇಪರ್ ಓದಿ ಹೇಳಲೇ ಎಂದರೆ ಸಿಟ್ಟು ಬರುತ್ತಿತ್ತು. "ನೀ ಓದಿದ್ರೆ ಅದು ನೀ ಓದಿದ್ದಾತು. ನಾ ಓದಿದ್ದು ಹ್ಯಾಂಗಾಗ್ತದೆ?"

ಅದಕ್ಕೇ ಚಿತ್ರವಿಲ್ಲದ, ಬರೀ ಅಕ್ಷರ ತೋರಿಸುವ ಬ್ರೌಸರ್ ಹಾಕಿಕೊಂಡಿದ್ದರು. ಕಪ್ಪು ಪರದೆ, ಹೆಬ್ಬೆರಳು ಗಾತ್ರದ ಬಿಳಿ ಅಕ್ಷರ. ಯಾವುದಾದರೂ ಲಿಂಕಿನ ಮೇಲೆ ನಿಂತು ‘ಓ’ ಒತ್ತಿದರೆ, ಆ ಲಿಂಕ್ ಬ್ರೌಸರಿನ ಹೊರಗೆ ಅವರೇ ಬರೆದಿಟ್ಟ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮಿಗೆ ಹೋಗುತ್ತಿತ್ತು. ಅದು ಜಾಹೀರಾತೆಲ್ಲ ಬಿಟ್ಟು ಸುದ್ದಿಯನ್ನಷ್ಟೇ ಹೆಕ್ಕಿ, ಗಟ್ಟಿಯಾಗಿ ಓದುತ್ತಿತ್ತು. ದಿನಾ ಮೊದಲು ನಿಧನ ವಾರ್ತೆ. "ಇವತ್ತೂ ನನ್ನ ಹೆಸರಿಲ್ಲ. ಆತು, ಚಾ ಕುಡಿವ" ಎಂದು ಏಳುತ್ತಿದ್ದರು.

ಹೋದ ವರ್ಷ ಆ ಹಳೇ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ನಾನು ದೊಡ್ಡ ಮನುಷ್ಯನ ಹಾಗೆ ಹೊಸ ಲ್ಯಾಪ್‌ಟಾಪ್ ತಂದೆ. ಕಂಡ ಫೋಲ್ಡರ್ ಎಲ್ಲ ಕಾಪಿ ಮಾಡಿ, ಹಳೆಯದನ್ನು ಅಳಿಸಿ ಗುಜರಿಗೆ ಹಾಕಿದೆ. ಅಕ್ಕೋರು ‘ಓ’ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು.

"ಎಂತ ಆತು ತಮಾ?"

ಹೆಸರಿನ ಮುಂದೆ ಚುಕ್ಕಿ ಇರುವ ಫೋಲ್ಡರ್ ಪಟ್ಟಿಯಲ್ಲಿ ಕಾಣುವುದಿಲ್ಲ. ಆ ಸ್ಕ್ರಿಪ್ಟ್ ಅಂಥದ್ದರಲ್ಲೇ ಇತ್ತು; ಕಾಪಿಯಾಗದೆ ಹಳೆಯದರ ಜೊತೆ ಅಳಿಸಿಹೋಗಿತ್ತು. ಈ ಚುಕ್ಕಿಯ ವಿಷಯ ನನಗೆ ಕಲಿಸಿದ್ದೂ ಅಕ್ಕೋರೇ. ಥೂ, ನನ್ನ ಬುದ್ಧಿಗಿಷ್ಟು!

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬರಕೋ, ನಾ ಹೇಳ್ತೇನೆ" ಎಂದರು. ಆರು ವರ್ಷ ಒಂದೊಂದೇ ಸಾಲು ತಿದ್ದಿ ಕಟ್ಟಿದ್ದು. ಎಂಟು ದಿನ ಹೇಳಿದರು, ನಾನು ಟೈಪ್ ಮಾಡಿದೆ. ಜಾಹೀರಾತು ಕಿತ್ತುಹಾಕುವ ಜಾಗಕ್ಕೆ ಬಂದು ತಡವರಿಸಿದರು. "ಇಲ್ಲಿ ಎಂತ ಬರದಿದ್ದೆ ಮಾರಾಯಾ? ನೆನಪೇ ಆಗೂದಿಲ್ಲ." ನನಗೆ ತಿಳಿದಂತೆ ಏನೋ ಸೇರಿಸಿದೆ. ‘ಓ’ ಒತ್ತಿದರೆ ಅದು "ಮುಖಪುಟ, ಸಂಪರ್ಕಿಸಿ, ಬಂಗಾರದ ದರ" ಎಂದು ಒದರುತ್ತಿತ್ತು. ಸುದ್ದಿಯನ್ನು ಮುಟ್ಟುತ್ತಲೇ ಇರಲಿಲ್ಲ.

"ನಾನೇ ದಿನಾ ಬಂದು ಓದ್ತೆ ಅಕ್ಕೋರೇ" ಎಂದೆ.

"ಬ್ಯಾಡ" ಎಂದು ತಾವೇ ತಡವಿ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ಅದರ ಮುಂದೆ ಕೂರಲಿಲ್ಲ. ಒಂದೂವರೆ ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದು, ಹಾಗೇ ಹೋದರು.

ಮರುದಿನ ನಿಧನ ವಾರ್ತೆಯಲ್ಲಿ ಅವರ ಹೆಸರಿತ್ತು. ಅವರ ಲ್ಯಾಪ್‌ಟಾಪಿನಲ್ಲೇ ತೆರೆದು, ಲಿಂಕಿನ ಮೇಲೆ ನಿಂತು ‘ಓ’ ಒತ್ತಿದೆ. ಮುಖಪುಟ ಎಂದಿತು. ಸಂಪರ್ಕಿಸಿ ಎಂದಿತು. ಬಂಗಾರದ ದರ ಹೇಳಿ ಸುಮ್ಮನಾಯಿತು.