ದೊಡ್ಡಜ್ಜಿಯ ಬಿಗಿದ ತುಟಿ

ನಮ್ಮ ನಡುಮನೆಯ ಗೋಡೆಗೆ ಒಂದು ಹಳೇ ಫೋಟೋ ಇತ್ತು. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ, ಮನೆ ಮುಂದಿನ ಬಯಲಿನಲ್ಲಿ ತೆಗೆದದ್ದು. ನಡುವೆ ಕುರ್ಚಿಯಲ್ಲಿ ತಾತ. ಒಂದು ಪಕ್ಕ ದೊಡ್ಡಜ್ಜಿ, ಇನ್ನೊಂದು ಪಕ್ಕ ಕೂಸಾಗಿದ್ದ ನಮ್ಮಪ್ಪನನ್ನು ಎತ್ತಿಕೊಂಡ ನಮ್ಮಜ್ಜಿ. ಇಬ್ಬರೂ ಒಡಹುಟ್ಟಿದವರು, ಇಬ್ಬರೂ ತಾತನ ಹೆಂಡತಿಯರು. ಕೆಳಗೆ ಚಾಪೆ ಮೇಲೆ ನಮ್ಮ ಸೋದರತ್ತೆ, ಆಗಿನ್ನೂ ಪುಟ್ಟ ಹುಡುಗಿ. ಒಬ್ಬರ ಮುಖದಲ್ಲೂ ನಗುವಿಲ್ಲ. ದೊಡ್ಡಜ್ಜಿಯಂತೂ ತುಟಿ ಎಷ್ಟು ಬಿಗಿದಿದ್ದಾಳೆಂದರೆ ಗಲ್ಲ ಗುಳಿಬಿದ್ದಿದೆ.

ಚಿಕ್ಕಂದಿನಿಂದ ನನಗೆ ಆ ಮುಖಗಳ ಮೇಲೆ ಗುಮಾನಿ. ತಂಗಿಯೇ ಸವತಿಯಾಗಿ ಬಂದರೆ ಯಾರು ತಾನೇ ನಗುತ್ತಾರೆ ಎಂದುಕೊಂಡಿದ್ದೆ. ಅಮ್ಮನನ್ನು ಕೇಳಿದರೆ, "ನಂಗೇನು ಗೊತ್ತು, ನಾನು ಆಮೇಲೆ ಬಂದೋಳು" ಎಂದು ಒಳಗೆ ಹೋಗುತ್ತಿದ್ದಳು. ಅಪ್ಪ ಟವೆಲ್ಲು ಕೊಡವಿಕೊಂಡು ಹಸುಗಳ ಕಡೆ ನಡೆಯುತ್ತಿದ್ದರು. ಇವರು ಏನೋ ಮುಚ್ಚಿಡುತ್ತಿದ್ದಾರೆ ಅನ್ನುವುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಫೋಟೋಗೆ ಗೆದ್ದಲು ಹಿಡಿಯಿತು. ನಾನು ಕೆಜಿಎಫ್‌ನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ದಿನಾ ರೈಲಿನಲ್ಲಿ ಓಡಾಟ. ಒಂದು ಸಂಜೆ ಅಲ್ಲಿನ ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದಲ್ಲಿ ರಿಪೇರಿಗೆ ಕೊಟ್ಟು ಬಂದೆ. ಮುಂದಿನ ವಾರ ಹೋದಾಗ ಸ್ಟುಡಿಯೋದವನು ದೊಡ್ಡ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟ. ಎಲ್ಲರೂ ನಗುತ್ತಿದ್ದರು. ತಾತನ ಬಾಯಲ್ಲಿ ಸಾಲುಸಾಲು ಬಿಳೀ ಹಲ್ಲು.

"ತುಂಬಾ ಸಪ್ಪಗಿದ್ರು ಮೇಡಂ, ಸ್ವಲ್ಪ ನಗಿಸಿದೀನಿ. ಈಗೆಲ್ಲಾ ಕಂಪ್ಯೂಟರ್ರೇ ಮಾಡುತ್ತೆ," ಅಂದ.

ಬೈಯಬೇಕು ಅನ್ನಿಸಿದರೂ ಬೈಯಲಿಲ್ಲ. ಇದನ್ನು ಅತ್ತೆಗೆ ತೋರಿಸಿದರೆ ನಿಜ ಹೊರಗೆ ಬರಬಹುದು ಎಂಬ ದುರಾಲೋಚನೆ ಬಂತು. ಹಳೆಯದನ್ನೂ ಹೊಸದನ್ನೂ ಬ್ಯಾಗಿಗೆ ಹಾಕಿಕೊಂಡು ಆಟೋ ಹತ್ತಿದೆ.

ಅತ್ತೆ ಅದೇ ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ಮಾವ ಗಣಿಯಲ್ಲಿದ್ದಾಗ ಸಿಕ್ಕಿದ್ದ ಮನೆಯಲ್ಲೇ ಮಗಳ ಜೊತೆ ಇದ್ದಾಳೆ. ಫೋಟೋದಲ್ಲಿರುವವರ ಪೈಕಿ ಬದುಕಿರುವವಳು ಅವಳೊಬ್ಬಳೇ. ಹೊಸ ಪ್ರಿಂಟನ್ನು ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದು ನೋಡಿದಳು.

"ಇವ್ರ್ಯಾರು?" ಅಂದಳು.

"ನಿಮ್ಮಪ್ಪ, ನಿಮ್ಮಮ್ಮ, ದೊಡ್ಡಮ್ಮ."

"ನಮ್ಮಪ್ಪಂಗೆ ಮುಂದಿನ ಎರಡು ಅಲ್ಲು ಇರಲೇ ಇಲ್ಲ. ಯಾರನ್ನೋ ತಂದು ಕೂರಿಸವ್ನೆ." ಪ್ರಿಂಟನ್ನು ಮಗುಚಿಟ್ಟು ನನ್ನನ್ನೇ ದಿಟ್ಟಿಸಿದಳು. "ಅಲ್ಲಮ್ಮಯ್ಯಾ, ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ ಈ ಫೋಟೋ ಇಡ್ಕೊಂಡು ಬಂದೆ? ನಿಮ್ಮಣ್ಣ ಕಳಿಸಿದ್ನಾ? ಜಮೀನಿನ ಪಾಲಿನ ಮಾತೇನಾದ್ರೂ ಐತಾ?"

ನಾನು ಅವಳನ್ನು ಅನುಮಾನಿಸುತ್ತಾ ಬಂದಿದ್ದರೆ ಅವಳು ನನ್ನನ್ನೇ ಅನುಮಾನಿಸುತ್ತಿದ್ದಳು. ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ ಎಂದು ಹಳೆಯ ಫೋಟೋ ಅವಳ ತೊಡೆ ಮೇಲಿಟ್ಟು ನೇರವಾಗಿ ಕೇಳಿದೆ. "ಅತ್ತೆ, ಅವತ್ತು ಮನೇಲಿ ಏನಾಗಿತ್ತು? ಯಾಕೆ ಎಲ್ಲರೂ ಹೀಗಿದಾರೆ? ನಮ್ಮಜ್ಜೀನ ಬಲವಂತವಾಗಿ ತಂದಿದ್ರಾ?"

ಅತ್ತೆ ಸೆರಗಿನ ತುದಿಯಿಂದ ಫೋಟೋ ಒರೆಸಿದಳು.

"ಬಲವಂತ ಏನಿಲ್ಲ. ದೊಡ್ಡಮ್ಮಂಗೆ ಮಕ್ಕಳಾಗಲಿಲ್ಲ, ಅವಳೇ ಓಗಿ ತಂಗೀನ ಕೇಳ್ಕೊಂಡು ಬಂದ್ಳು. ಜಗಳ ಆಡೋರು, ಒಂದೇ ತಟ್ಟೇಲಿ ಉಣ್ಣೋರು. ಅವತ್ತು ಆಗಿದ್ದೇ ಬೇರೆ. ಕರೀ ಬಟ್ಟೆ ಒಳಗೆ ತಲೆ ತೂರಿಸ್ಕೊಂಡು ಆ ಫೋಟೋ ತೆಗೆಯೋನು ಏನು ನೋಡ್ತಾನೋ ಅಂತ ಅಮ್ಮಂಗೆ ದಿಗಿಲು. ಒಳಗೆ ಬೆಳಕು ಸಾಲಲ್ಲ ಅಂತ ನಡುಬಿಸಿಲಲ್ಲಿ, ಸೂರ್ಯನ್ನ ನೋಡೋ ಅಂಗೆ ನಿಲ್ಲಿಸಿದ್ದ. ಕಣ್ಣಲ್ಲಿ ನೀರು. ಉಸಿರು ಬಿಟ್ರೂ ಕೆಟ್ಟೋಗುತ್ತೆ, ನನ್ನತ್ರ ಫೋಟೋ ಇಳಿಸೋ ಗಾಜು ಇನ್ನೊಂದಿಲ್ಲ ಅಂತ ಗದರಿಸಿಬಿಟ್ಟ."

"ಅಷ್ಟಕ್ಕೇ ದೊಡ್ಡಜ್ಜಿ ಹೀಗೆ ತುಟಿ ಕಚ್ಚಿಕೊಂಡಳಾ?"

"ಇಲ್ನೋಡು." ತಾತನ ಕುರ್ಚಿಯ ಹಿಂದೆ, ಕಲೆ ಅಂದುಕೊಂಡಿದ್ದ ಒಂದು ಮಸುಕನ್ನು ಬೆರಳಿಂದ ತೋರಿಸಿದಳು. "ಕರು. ಅಗ್ಗ ಬಿಚ್ಕೊಂಡು ಬಂದು ಅಪ್ಪನ ಎಗಲು ಮೇಲಿನ ವಲ್ಲಿ ಎಳ್ದು ಮೇಯ್ತಾ ಐತೆ. ಅಪ್ಪ ಅಲ್ಲಾಡೋ ಅಂಗಿಲ್ಲ. ನಗು ತಡ್ಕೊಂಡು ದೊಡ್ಡಮ್ಮಂಗೆ ಪ್ರಾಣ ಓಗಿತ್ತು. ಅವನು ಆಯ್ತು ಅಂದಿದ್ದೇ ತಡ, ಅಕ್ಕತಂಗೀರು ಇಬ್ರೂ ನೆಲದ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು."

ಅತ್ತೆಯ ಕಣ್ಣಂಚು ಒದ್ದೆಯಾಗಿತ್ತು. ನನಗೂ ನಗು ಬಂತು, ಆದರೆ ಪೂರ್ತಿ ನಂಬಿಕೆ ಬರಲಿಲ್ಲ. ಅವಳು ಆಗ ಚಾಪೆ ಮೇಲೆ ಎದುರಿಗೆ ಮುಖ ಮಾಡಿ ಕೂತವಳು, ಬೆನ್ನ ಹಿಂದಿನ ಕರುವನ್ನು ಹೇಗೆ ನೋಡಿದಳು? ಕೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಅವಳ ಮಗಳು ಕಾಫಿ ತಂದಳು, ಮಾತು ಬೇರೆ ಕಡೆ ಹೋಯಿತು.

ಮಾರನೆಯ ದಿನ ಸ್ಟುಡಿಯೋದವನಿಗೆ ಮುಖಗಳನ್ನು ಮುಟ್ಟದೆ, ಆ ಮಸುಕನ್ನೂ ಅಳಿಸದೆ ಮತ್ತೆ ಮಾಡಿಕೊಡಲು ಹೇಳಿದೆ. "ಯಾರಾದ್ರೂ ತೀರ್ಕೊಂಡ ದಿನದ್ದಾ ಮೇಡಂ?" ಎಂದು ಕೇಳಿದ. ಅಲ್ಲ ಅಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಊರಲ್ಲಿ ಅಣ್ಣ ಅದನ್ನು ಗೋಡೆಗೆ ಹಾಕುವಾಗ ಕರುವಿನ ಕಥೆ ಹೇಳಿದೆ. ಅವನು ಸ್ಟೂಲಿನ ಮೇಲೆ ನಿಂತೇ ಆ ಮಸುಕಿನ ಹತ್ತಿರ ಮೂಗಿಟ್ಟು ನೋಡಿದ.

"ಕಿವಿ ಥರಾನೂ ಕಾಣ್ತದೆ, ಕಲೆ ಥರಾನೂ ಕಾಣ್ತದೆ. ಅತ್ತೆ ನಿಜಾನೇ ಹೇಳಿದ್ಲಾ?"

"ಗೊತ್ತಿಲ್ಲ," ಅಂದೆ.

"ಜಮೀನಿನ ವಿಷ್ಯ ಏನಾದ್ರೂ ಎತ್ತಿದ್ಲಾ?" ಎಂದು ಕೇಳಿ ಅವನು ಮೊಳೆಗೆ ಸುತ್ತಿಗೆ ಇಟ್ಟ.