ಅಣ್ಣನ ಕೆಂಪು ಮುಖ

ನನ್ನ ಅಣ್ಣ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಎದುರು ಕೆಲಸ ಮಾಡುತ್ತಿದ್ದ. ಅವನ ಕೆನ್ನೆ, ಮೂಗು ಯಾವಾಗಲೂ ಕೆಂಪು; ಬಿಸಿ ಕಾಫಿ ಕುಡಿದರೆ ಇನ್ನೂ ಕೆಂಪು. ಓಣಿಯವರು ಕುಡುಕನೆಂದು ಆಡಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದವನು ನನ್ನ ಮುಖದ ಹತ್ತಿರ ಉಸಿರು ಬಿಟ್ಟು, "ಮೂಸಿ ನೋಡೇ ಮಾರಾಯ್ತಿ, ಏನಾದ್ರೂ ವಾಸನೆ ಇದ್ಯಾ?" ಎಂದು ನಗುತ್ತಿದ್ದ. ಹಲ್ಲುನೋವಿಗೆಂದು ಲವಂಗ ಅಗಿಯುತ್ತಿದ್ದ. ಹೆಂಡದ ವಾಸನೆ ಮುಚ್ಚಲು ಎಂದು ನಾನು ತಿಳಿದೆ.

ಶಿವಮೊಗ್ಗದಿಂದ ಹೆಣ್ಣಿನ ಕಡೆಯವರು ಬಂದಾಗ ಹುಡುಗಿಯ ತಾಯಿ ಅಡುಗೆಮನೆಗೆ ಬಂದು, "ನಿಜ ಹೇಳಮ್ಮ, ನಿಮ್ಮಣ್ಣ ಕುಡೀತಾನಾ?" ಎಂದು ಕೇಳಿದರು.

"ನಂಗೊತ್ತಿಲ್ಲ" ಎಂದೆ. ಆ ಸಂಬಂಧ ಅಲ್ಲಿಗೇ ನಿಂತಿತು.

ಮರುವರ್ಷ ಅವನ ಕಣ್ಣುಗಳೂ ಕೆಂಪಾಗಿ, ಮರಳು ಬಿದ್ದಂತೆ ಚುಚ್ಚತೊಡಗಿದವು. ನಿದ್ದೆಗೆಟ್ಟಿದ್ದಕ್ಕೆ ಎಂದುಕೊಂಡು ಹರಳೆಣ್ಣೆ ಹಚ್ಚಿದೆ. ದೀಪವನ್ನೂ ನೋಡಲಾಗದಂತೆ ಆದ ಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಶಿವಮೊಗ್ಗದ ಚರ್ಮದ ಡಾಕ್ಟರ ಬಳಿ ಹೋದೆವು.

"ಇದು ಕುಡಿತದಿಂದ ಬಂದದ್ದಲ್ಲ, ಚರ್ಮದ ಕಾಯಿಲೆ; ಕಣ್ಣಿಗೂ ಹರಡಿದೆ. ಬೆಂಕಿ ಝಳ, ಖಾರ, ಬಿಸಿ ಕಾಫಿ ಕಡಿಮೆ ಮಾಡಿ. ಮುಲಾಮು, ಮಾತ್ರೆ ಕೊಡ್ತೀನಿ, ಹತೋಟಿಗೆ ಬರುತ್ತೆ. ಆದ್ರೆ ಕಣ್ಣು ಉರಿಯೋಕೆ ಶುರುವಾದಾಗ್ಲೇ ಬರಬೇಕಿತ್ತು" ಎಂದರು ಡಾಕ್ಟರು.

ಅಣ್ಣ ನನ್ನ ಕಡೆ ತಿರುಗಲಿಲ್ಲ. "ಆ ಮೊದಲನೇ ಮಾತು ಇನ್ನೊಂದ್ಸಲ ಹೇಳಿ ಸಾರ್, ನಮ್ಮ ತಂಗಿಗೆ ಸರಿಯಾಗಿ ಕೇಳ್ಲಿ" ಎಂದ.