ಕಾರ್ಡು ನಡೆಯುವ ಡಾಕ್ಟರು

ನಮ್ಮ ಆರ್‌ಪಿಸಿ ಲೇಔಟಿನಲ್ಲಿ ಯಾರ ಮನೆಯಲ್ಲಿ ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ಒಬ್ಬಟ್ಟು ವಿಮಲಕ್ಕನದೇ. ಗಂಡ ಚನ್ನಕೇಶವ ತೀರಿಕೊಂಡ ಮೇಲೆ ಕಾವಲಿ ಮುಂದೆ ನಿಂತವಳು ಮಗಳು ಅನುವನ್ನು ಓದಿಸಿದಳು, ಮದುವೆ ಮಾಡಿ ಕಳಿಸಿದಳು, ಯಾರ ಮುಂದೆಯೂ ಕೈಚಾಚಲಿಲ್ಲ. ಇಡೀ ದಿನ ನಿಂತು ಮಾಡುವ ಕೆಲಸ. ನಿಲ್ಲಲಾಗದಿದ್ದರೆ ಅವಳಿಗೆ ಊಟವಿಲ್ಲ. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆ ನನ್ನದು. ನನ್ನ ಬಾಯಿ ಜೋರು, ಅವಳದು ಮೆತ್ತಗೆ. ಅದಕ್ಕೇ ಇರಬೇಕು, ಇಷ್ಟು ವರ್ಷ ಹೊಂದಿಕೊಂಡು ಬಂದೆವು.

ಈ ಸಲ ಯುಗಾದಿಯ ಹಿಂದಿನ ದಿನ ಬೇಳೆ ಬೇಯಿಸಿದ ಪಾತ್ರೆ ಇಳಿಸುವಾಗ ಅವಳ ಸೊಂಟ ಹಿಡಿಯಿತು. ಮುಲಾಮು ತಿಕ್ಕಿದೆ, ಬಿಸಿನೀರಿನ ಶಾಖ ಕೊಟ್ಟೆ. ನೋವು ತೊಡೆಗಿಳಿದು ಕಾಲು ಜೋಮು ಹಿಡಿಯತೊಡಗಿದಾಗ ನನಗೆ ಹೆದರಿಕೆಯಾಯಿತು.

"ಯಾಕೆ ಹೆದರ್ತೀಯೇ, ಸರ್ಕಾರದ ಕಾರ್ಡಿದೆಯಲ್ಲ" ಎಂದಳು ವಿಮಲಕ್ಕ.

ಹೌದು, ಆರೋಗ್ಯದ ಕಾರ್ಡು! ಬಡವರಿಗೆ ಚಿಕಿತ್ಸೆ ಪುಕ್ಕಟೆ ಎಂದು ಬೀದಿ ಬೀದಿಯಲ್ಲಿ ಮೈಕು ಹಿಡಿದು ಕೂಗಿ ಮಾಡಿಸಿದ್ದ ಕಾರ್ಡು. ಅದನ್ನು ಹಿಡಿದುಕೊಂಡು ಆಟೋ ಹತ್ತಿದೆವು.

ವಿಜಯನಗರದ ನರ್ಸಿಂಗ್ ಹೋಮಿನಲ್ಲಿ ಮೂಳೆ ಡಾಕ್ಟರನ್ನು ನೋಡಲೂ ಬಿಡಲಿಲ್ಲ. "ಇಲ್ಲಿ ಕಾರ್ಡು ನಡಿಯಲ್ಲ ಆಂಟಿ" ಎಂದಳು ಕೌಂಟರಿನ ಹುಡುಗಿ, ಮೊಬೈಲಿನಿಂದ ತಲೆ ಎತ್ತದೆ. ಮರುದಿನ ಬಸವೇಶ್ವರನಗರದಲ್ಲಿ 'ಆಸ್ಟಿಯೋಪತಿ' ಎಂಬ ಬೋರ್ಡು ಕಂಡಿತು. ಕುಯ್ಯದೆ ಹೊಲಿಯದೆ, ಕೈಯಿಂದಲೇ ಒತ್ತಿ ನೀವಿ ಬೆನ್ನು ಸರಿಮಾಡುತ್ತಾರಂತೆ. ವಿಮಲಕ್ಕನ ಮುಖ ಅರಳಿತು. ಆಪರೇಷನ್ ಎಂದರೆ ಅವಳಿಗೆ ಜೀವ ಬಾಯಿಗೆ ಬರುತ್ತದೆ. ಆ ಡಾಕ್ಟರು ಪಾಪ ಒಳ್ಳೆಯವರೇ. ಸೊಂಟ ಮುಟ್ಟಿ ನೋಡಿದರು. "ಮೊದ್ಲು ಒಂದು ಸ್ಕ್ಯಾನ್ ಆಗ್ಬೇಕಮ್ಮ. ಆಮೇಲೆ ನನ್ನ ಕೈಲಾಗೋದನ್ನ ಮಾಡ್ತೀನಿ. ಆದ್ರೆ ಈ ಚಿಕಿತ್ಸೆಗೆಲ್ಲ ಕಾರ್ಡು ಬರಲ್ಲ" ಎಂದರು. ಅವರ ಫೀಜು ಕೇಳಿ ವಿಮಲಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ನಾನು ಕೊಡುತ್ತೇನೆ ಎಂದರೆ ಕಣ್ಣು ಬಿಟ್ಟಳು.

ಕೊನೆಗೆ ಕೆಂಗೇರಿ ಉಪನಗರದ ಕಡೆಯ ದೊಡ್ಡ ಆಸ್ಪತ್ರೆ. ಗೇಟಿನಷ್ಟು ಅಗಲದ ಬೋರ್ಡಿನಲ್ಲಿ ಕಾರ್ಡಿನ ಚಿತ್ರವನ್ನೇ ಬರೆಸಿದ್ದರು. ಒಳಗಿದ್ದ ಗುಮಾಸ್ತ, ಮುರಳೀಕೃಷ್ಣ ಎಂದು ಎದೆಯ ಮೇಲೆ ಹೆಸರಿತ್ತು, ಪಾಠ ಒಪ್ಪಿಸಿದ. "ಅಡ್ಮಿಟ್ ಆಗಿ ಆಪರೇಷನ್ ಮಾಡಿಸ್ಕೊಂಡ್ರೆ ಮಾತ್ರ ಆಂಟಿ. ಅದಕ್ಕೂ ಗೌರ್ಮೆಂಟ್ ಆಸ್ಪತ್ರೆಯಿಂದ ಲೆಟರ್ ತರ್ಬೇಕು."

"ನಿಲ್ಲೋಕಾಗ್ದೆ ಗೋಡೆ ಹಿಡ್ಕೊಂಡಿದಾಳಲ್ಲಯ್ಯಾ, ಕಣ್ಣು ಕಾಣಲ್ವಾ ನಿಂಗೆ?"

"ನನ್ ಕೈಲೇನಿದೆ ಆಂಟಿ? ರೂಲ್ಸು."

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಗೆ ಹೋದರೆ ಮೂಳೆ ಡಾಕ್ಟರು ಕ್ಯಾಂಪಿಗೆ ಹೋಗಿದ್ದಾರೆ, ಮುಂದಿನ ವಾರ ಬನ್ನಿ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಬಾಯಿಗೆ ಬಂದಂತೆ ಬೈದೆ. ವಿಮಲಕ್ಕ ನನ್ನ ಕೈ ಹಿಡಿದೆಳೆದಳು. "ಸುಮ್ನಿರೇ, ಎಲ್ರೂ ನೋಡ್ತಾರೆ."

ನೋಡಲಿ! ನೋಡಲಿ ಎಂದೇ ಬೈದದ್ದು.

ಮನೆಗೆ ಬಂದ ಮೇಲೆ ಅವಳು ದೊಡ್ಡಣ್ಣನವರನ್ನು ಕರೆಸು ಎಂದಳು. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದೆ ಎಂದು ನಮ್ಮಲ್ಲಿ ನಂಬಿಕೆ. ದೀಪಾಂಜಲಿ ನಗರದ ದೊಡ್ಡಣ್ಣ ಹಾಗೆ ಹುಟ್ಟಿದವರು. ಸುತ್ತಮುತ್ತಲ ಅರ್ಧ ಜನ ಅವರಿಂದ ಒದೆಸಿಕೊಂಡವರೇ.

"ಇದು ಉಳುಕಲ್ಲ ಕಣಕ್ಕಾ, ಕಾಲು ಜೋಮು ಹಿಡಿದಿದೆ, ಬೇಡ" ಎಂದು ಬಡಕೊಂಡೆ.

"ಕೈಯಿಂದ ಸರಿಮಾಡೋರು ಸಿಗ್ಲಿಲ್ಲ. ಕಾಲಿಂದಾದ್ರೂ ಆಗ್ಲಿ ಬಿಡು" ಎಂದಳು. ಮದುವೆಯೊಂದಕ್ಕೆ ಒಬ್ಬಟ್ಟು ಒಪ್ಪಿಕೊಂಡಿದ್ದಳು, ಅದೇ ಚಿಂತೆ ಅವಳಿಗೆ.

ದೊಡ್ಡಣ್ಣ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಬಂದರು. ಖಾಲಿ ಹೊಟ್ಟೆಯಲ್ಲೇ ಒದೆಯಬೇಕಂತೆ. ಅವಳನ್ನು ನೋಡಿ ಹಿಂಜರಿದರು. "ತಂಗೀ, ತುಂಬಾ ಬಳಲಿದೀಯಲ್ಲಮ್ಮ." "ಪರ್ವಾಗಿಲ್ಲ ಅಣ್ಣ, ಒದೀರಿ" ಎಂದು ವಿಮಲಕ್ಕ ಹೊಸಿಲ ಕಡೆ ಮುಖ ಮಾಡಿ ನಿಂತಳು. ಎಡಗಾಲಿನಿಂದ ಮೆಲ್ಲಗೆ ಎರಡು ಸಲ ಒದ್ದರು. ಮೂರನೆಯದಕ್ಕೆ ಅವಳು ಚೀರಿದ್ದು ಬೀದಿ ಕೊನೆಗೂ ಕೇಳಿಸಿತು. ಕುಸಿದು ಬಿದ್ದವಳಿಗೆ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಸೀರೆ ಒದ್ದೆಯಾದದ್ದೂ ಅವಳಿಗೆ ಗೊತ್ತಾಗಲಿಲ್ಲ.

ದೊಡ್ಡಣ್ಣ ತಲೆ ಚಚ್ಚಿಕೊಂಡು ಅತ್ತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ದಿನ ಅಲೆದವರಿಗೆ ಕರೆದ ಕೂಡಲೇ ಬಂದವರು, ಏನನ್ನೂ ಕೇಳದೆ ಬಂದವರು, ಅವರೊಬ್ಬರೇ.

ಆಂಬುಲೆನ್ಸಿನವರು ಕರೆದುಕೊಂಡು ಹೋದದ್ದು ಅದೇ ಕೆಂಗೇರಿ ಆಸ್ಪತ್ರೆಗೆ. ಕೌಂಟರಿನಲ್ಲಿ ಅದೇ ಮುರಳೀಕೃಷ್ಣ. ಕಾರ್ಡು ನೋಡಿದ, ಟಕಟಕ ಟೈಪು ಮಾಡಿದ.

"ಆಯ್ತು ಆಂಟಿ, ಈಗ ಕಾರ್ಡು ನಡಿಯುತ್ತೆ. ಎಮರ್ಜೆನ್ಸಿ ಅಲ್ವಾ, ಲೆಟರ್ ಬೇಡ."

"ಅಂದ್ರೆ ಅವಳ ಕಾಲು ಹೋಗ್ಲಿ ಅಂತ ಕಾಯ್ತಿದ್ರೇನೋ ನೀವೆಲ್ಲಾ? ಹೊಟ್ಟೆಗೆ ಅನ್ನಾನೇ ತಿಂತೀರಾ?" ಎಂದು ಕಿರುಚಿದೆ. ಸೆಕ್ಯುರಿಟಿಯವನು ಓಡಿಬಂದ. ಮುರಳೀಕೃಷ್ಣ ತಲೆ ತಗ್ಗಿಸಿ ಸಹಿ ಮಾಡಬೇಕಾದ ಕಡೆ ಬೆರಳಿಟ್ಟು ತೋರಿಸಿದ. ಮಾಡಿದೆ, ಇನ್ನೇನು ಮಾಡಲಿ?

ಆಪರೇಷನ್ ಚೆನ್ನಾಗಿಯೇ ಆಯಿತು, ಅದನ್ನು ಇಲ್ಲವೆನ್ನಲಾರೆ. ಬಲಗಾಲಿಗೆ ಸ್ವಲ್ಪ ಸ್ವಲ್ಪ ಜೀವ ಬಂತು. ಎಡಗಾಲು ಹಾಗೆಯೇ ಉಳಿಯಿತು. ತಡವಾಗಿ ಬಂದಿರಿ ಎಂದರು ಡಾಕ್ಟರು. ತಡವಾಗಿ!

ಡಿಸ್ಚಾರ್ಜಿನ ದಿನ ನಾನೂ ಅನುವೂ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದೆವು. ಮುರಳೀಕೃಷ್ಣ ಮೊಬೈಲು ಹಿಡಿದುಕೊಂಡು ಬಂದ. ಚಿಕಿತ್ಸೆ ಪಡೆದವರ ಫೋಟೋ ಸರ್ಕಾರಕ್ಕೆ ಕಳಿಸಬೇಕಂತೆ.

"ಕಾರ್ಡನ್ನ ಎದೆ ಹತ್ರ ಹಿಡ್ಕೊಳ್ಳಿ ಅಮ್ಮ. ಹಾಂ. ಸ್ವಲ್ಪ ನಗಿ."

ನಾನು ಅವನ ಮೇಲೆ ಏರಿಹೋಗುವವಳಿದ್ದೆ. ಯಾವತ್ತೂ ದನಿ ಎತ್ತದ ವಿಮಲಕ್ಕ ನನ್ನನ್ನು ತಡೆದಳು. ಕಾರ್ಡನ್ನು ಎದೆಗೆ ಹಿಡಿದುಕೊಂಡೇ, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು:

"ಮೊದಲ್ನೇ ದಿನ ಬಂದಾಗ್ಲೇ ತೆಗೀಬೇಕಿತ್ತು ಕಣಪ್ಪಾ. ಅವತ್ತಾಗಿದ್ರೆ ನಿಂತ್ಕೊಂಡು ನಗ್ತಿದ್ದೆ."